ಸವಾರಿ ಅಂಗಳಕ್ಕೆ ಯಾವ ಮರಳು? ಮೊದಲು ಅದರ ಕೆಳಗೆ ಏನಿದೆ ನೋಡಿ

ಓದುಗರ ಪ್ರಶ್ನೆ: ನಮಸ್ಕಾರ ಸರ್. ದೊಡ್ಡಬಳ್ಳಾಪುರದ ಹತ್ತಿರ ನಾನು, ನನ್ನ ತಂಗಿ ಸೇರಿ ಒಂದು ಸಣ್ಣ ಸವಾರಿ ಶಾಲೆ ನಡೆಸುತ್ತಿದ್ದೇವೆ. ಐದು ಕುದುರೆಗಳಿವೆ, ಅದರಲ್ಲಿ ಮೂರು ರೇಸ್ ಬಿಟ್ಟು ಬಂದ ಥರೋಬ್ರೆಡ್‌ಗಳು. ಅಂಗಳ 20 ಮೀಟರ್ ಅಗಲ, 40 ಮೀಟರ್ ಉದ್ದ. ಎರಡು ವರ್ಷದ ಹಿಂದೆ ಕೆಂಪು ಮಣ್ಣನ್ನು ಜೆಸಿಬಿಯಲ್ಲಿ ಸಮ ಮಾಡಿಸಿ, ಮೇಲೆ ಅರ್ಧ ಅಡಿ ಎಂ-ಸ್ಯಾಂಡ್ ಹಾಕಿಸಿದೆವು. ವಾರಕ್ಕೊಮ್ಮೆ ಟ್ರ್ಯಾಕ್ಟರ್ ಕಲ್ಟಿವೇಟರ್ ಹೊಡೆಸುತ್ತೇವೆ. ಬೇಸಿಗೆಯಲ್ಲಿ ಧೂಳು ತಡೆಯಲು ಆಗುವುದಿಲ್ಲ, ಮಕ್ಕಳು ಕೆಮ್ಮುತ್ತಾರೆ. ಮಳೆ ಬಂದರೆ ಮೂಲೆಗಳಲ್ಲಿ ನೀರು ನಿಂತು ವಾರವಾದರೂ ಇಳಿಯುವುದಿಲ್ಲ. ಬೇಲಿ ಪಕ್ಕದ ಜಾಡು ಗಟ್ಟಿ, ನಡುವೆ ಕಾಲು ಹೂತುಹೋಗುತ್ತದೆ. ಕಳೆದ ತಿಂಗಳು ಒಂದು ಕುದುರೆಯ ಮುಂಗಾಲಿನ ಹಿಂಭಾಗ ಊದಿಕೊಂಡಿತು. ಒಬ್ಬರು ಹೊಳೆ ಮರಳು ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಸಮುದ್ರದ ಮರಳು, ಮತ್ತೊಬ್ಬರು ಉಪ್ಪು ಎರಚಿ, ಹಳೇ ಇಂಜಿನ್ ಆಯಿಲ್ ಚಿಮುಕಿಸಿ ಅನ್ನುತ್ತಾರೆ. ಹೊರದೇಶದ ಫೈಬರ್ ಮಿಶ್ರಣ ತರಿಸಿ ಎಂದವರೂ ಇದ್ದಾರೆ. ಒಂದು ಸಲ ಖರ್ಚು ಮಾಡುವಷ್ಟು ಮಾತ್ರ ಹಣವಿದೆ. ಯಾವ ಮರಳು ಹಾಕಲಿ?

ಉತ್ತರ: ಮರಳಿನ ಮಾತಿಗೆ ಮೊದಲು ಆ ಕುದುರೆಯ ಕಾಲಿನ ಮಾತು. ಮುಂಗಾಲಿನ ಹಿಂಭಾಗ ಊದಿಕೊಂಡು, ಮುಟ್ಟಿದರೆ ಬಿಸಿ ಇದ್ದರೆ ಅದು ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರಿನ ಹುರಿ) ಪೆಟ್ಟಾಗಿರಬಹುದು. ಊತ ಇಳಿದಿದೆ, ಕುಂಟುತ್ತಿಲ್ಲ ಎಂದು ಸವಾರಿಗೆ ಇಳಿಸಬೇಡಿ. ಕುದುರೆ ನೋಡುವ ಪಶುವೈದ್ಯರಿಂದ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿ. ಒಳಗೆ ನಾರು ಹರಿದಿದ್ದರೆ ಕೂಡಿಕೊಳ್ಳಲು ತಿಂಗಳುಗಳೇ ಬೇಕು. ಹೊರಗಿನಿಂದ ಸರಿಯಾಗಿ ಕಾಣುವ ಕಾಲು ಮತ್ತೆ ಹರಿಯುವುದು ಇದೇ ಹೊತ್ತಿನಲ್ಲಿ. ಅದರಲ್ಲೂ ರೇಸ್ ಓಡಿ ಬಂದ ಕುದುರೆಗಳ ಟೆಂಡನ್ ಮೊದಲೇ ದಣಿದಿರುವುದು ಸಾಮಾನ್ಯ. ಅಂಗಳ ಸರಿಯಾಗುವವರೆಗೆ ಉಳಿದ ಕುದುರೆಗಳಿಗೆ ಅಲ್ಲಿ ನಡಿಗೆ, ಹಗುರ ಟ್ರಾಟ್ (ನಿಧಾನದ ಓಟ) ಸಾಕು. ಕ್ಯಾಂಟರ್ (ಟ್ರಾಟ್‌ಗಿಂತ ಜೋರಾದ ಓಟ), ಜಿಗಿತ, ಸಣ್ಣ ಸುತ್ತುಗಳು ಬೇಡ.

ಈಗ ನಿಮ್ಮ ಪ್ರಶ್ನೆ. ನೀವು ಹೇಳಿದ ಧೂಳು, ನಿಂತ ನೀರು, ಗಟ್ಟಿ ಜಾಡು, ಹೂತುಹೋಗುವ ನಡು, ಇವು ನಾಲ್ಕು ಬೇರೆ ಬೇರೆ ತೊಂದರೆಗಳಾಗಿ ಕಾಣುತ್ತವೆ, ಆದರೆ ನಾಲ್ಕಕ್ಕೂ ಬೇರು ಒಂದೇ ಕಡೆ ಇದೆ. ಮರಳಿನ ಕೆಳಗೆ ನೆಲೆಯೇ, ಅಂದರೆ ಗಟ್ಟಿ ಮಾಡಿದ ತಳದ ಪದರವೇ ಇಲ್ಲ. ಕೆಂಪು ಮಣ್ಣಿನ ಮೇಲೆ ನೇರವಾಗಿ ಮರಳು ಸುರಿದಿದ್ದೀರಿ, ಕಲ್ಟಿವೇಟರ್ ಹಲ್ಲು ಪ್ರತಿ ವಾರ ಆ ಮಣ್ಣನ್ನು ಕೆದಕಿ ಮೇಲೆ ತಂದಿದೆ. ಈಗ ನಿಮ್ಮ ಅಂಗಳದಲ್ಲಿರುವುದು ಮರಳಲ್ಲ, ಮರಳು ಮತ್ತು ಜೇಡಿಯ ಮಿಶ್ರಣ. ಇದರ ಮೇಲೆ ಎಷ್ಟೇ ಒಳ್ಳೆಯ ಮರಳು ತಂದು ಸುರಿದರೂ ಎರಡು ಮಳೆಗಾಲದಲ್ಲಿ ಅದೂ ಹೀಗೇ ಆಗುತ್ತದೆ. ನಾನು ಹೋಗಿ ನೋಡುವ ಅಂಗಳಗಳಲ್ಲಿ ಬಹುಪಾಲು ದುಡ್ಡು ಹಾಳಾಗುವುದು ಇಲ್ಲೇ. ಕಣ್ಣಿಗೆ ಕಾಣುವ ಮೇಲಿನ ಪದರಕ್ಕೆ ಖರ್ಚು ಮಾಡುತ್ತಾರೆ, ಕಾಣದ ಪದರವನ್ನು ಬಿಟ್ಟುಬಿಡುತ್ತಾರೆ.

ಎಂ-ಸ್ಯಾಂಡ್ ಬಗ್ಗೆ ಒಂದು ಗೊಂದಲ ಬಿಡಿಸಬೇಕು. ಎಂ-ಸ್ಯಾಂಡ್ ಕುದುರೆಗೆ ಆಗುವುದೇ ಇಲ್ಲ ಎಂದು ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ಕಲ್ಲು ಒಡೆದು ಮಾಡಿದ ಮರಳಿನ ಕಣಕ್ಕೆ ಅಂಚುಗಳಿರುತ್ತವೆ. ಕಣಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ, ಕುದುರೆ ತಿರುಗುವಾಗ ನೆಲ ಜಾರುವುದಿಲ್ಲ. ಅದು ಒಳ್ಳೆಯ ಗುಣವೇ. ತೊಂದರೆ ಇರುವುದು ಅದರ ಜೊತೆ ಬರುವ ಹಿಟ್ಟಿನಲ್ಲಿ. ಕಾಂಕ್ರೀಟಿಗೆ ಬಳಸುವ ಮರಳಿನ ಭಾರತೀಯ ಮಾನದಂಡ ಐಎಸ್ 383 ಇದೆಯಲ್ಲ, ಅದು ಕಲ್ಲು ಪುಡಿ ಮಾಡಿದ ಮರಳಿನಲ್ಲಿ 75 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿ.ಮೀ.ಯ ಸಾವಿರದ ಒಂದು ಭಾಗ) ಸಣ್ಣ ಕಣ ಶೇ 15ರವರೆಗೆ ಇರಬಹುದು ಎನ್ನುತ್ತದೆ. ಕಾಂಕ್ರೀಟಿಗೆ ಅದು ನಡೆಯುತ್ತದೆ. ಕುದುರೆಯ ಅಂಗಳಕ್ಕೆ ಶೇ 5 ದಾಟಬಾರದು, ಇನ್ನೂ ಕಡಿಮೆ ಇದ್ದರೆ ಒಳ್ಳೆಯದು. ಹಾಗಾಗಿ ಕ್ರಷರ್‌ನವರು 'ಸರ್, ಐಎಸ್ ಪ್ರಕಾರ ಪಾಸ್ ಆಗಿದೆ' ಎಂದು ತೋರಿಸುವ ಕಾಗದ ಸುಳ್ಳಲ್ಲ, ಆದರೆ ಅದು ನಿಮ್ಮ ಕೆಲಸಕ್ಕೆ ಬರುವ ಕಾಗದ ಅಲ್ಲ.

ಆ ಹಿಟ್ಟು ಏನು ಮಾಡುತ್ತದೆ ಅಂದರೆ, ಮರಳಿನ ಕಣಗಳ ನಡುವಿನ ಸಂದುಗಳನ್ನು ತುಂಬುತ್ತದೆ. ಸಂದು ಮುಚ್ಚಿದ ಮೇಲೆ ನೀರು ಇಳಿಯಲು ದಾರಿ ಇರುವುದಿಲ್ಲ. ಒದ್ದೆಯಾದಾಗ ಬಿಗಿದುಕೊಳ್ಳುತ್ತದೆ, ಕುದುರೆ ಮತ್ತೆ ಮತ್ತೆ ಓಡುವ ಜಾಡಿನಲ್ಲಿ ಇನ್ನೂ ಬಿಗಿಯುತ್ತದೆ. ಒಣಗಿದಾಗ ಅದೇ ಹಿಟ್ಟು ಗಾಳಿಗೆ ಏಳುತ್ತದೆ. ನಮ್ಮ ಕಡೆಯ ಕಲ್ಲು ಗ್ರಾನೈಟ್, ಅದರಲ್ಲಿ ಸ್ಫಟಿಕ ಶಿಲೆಯ ಅಂಶ ಸಾಕಷ್ಟಿದೆ, ಅಂದರೆ ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಸಿಲಿಕಾ ಧೂಳನ್ನು ವರ್ಷಗಟ್ಟಲೆ ಕುಡಿದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ, ಬಂದರೆ ವಾಸಿಯಾಗುವುದಿಲ್ಲ. ವಾರಕ್ಕೆರಡು ದಿನ ಬರುವ ಮಕ್ಕಳಿಗಿಂತ ದಿನವೂ ಟ್ರ್ಯಾಕ್ಟರ್ ಹಿಂದೆ ನಿಲ್ಲುವ ಲಾಯದ ಹುಡುಗರಿಗೆ ಅಪಾಯ ಜಾಸ್ತಿ. ಕುದುರೆಗಳಿಗೂ ಕೆಮ್ಮು, ಶ್ವಾಸನಾಳದ ಉರಿಯೂತ ಬರುತ್ತದೆ. ಆದ್ದರಿಂದ ಇವತ್ತಿನಿಂದಲೇ ಒಂದು ನಿಯಮ ಮಾಡಿ: ನೀರು ಹಾಕದೆ ಒಣ ಅಂಗಳವನ್ನು ಕೆದಕುವುದಿಲ್ಲ.

ಇನ್ನು ಆಳ. ಅರ್ಧ ಅಡಿ ತುಂಬಾ ಜಾಸ್ತಿ ಆಯಿತು. ಮೆತ್ತಗಿದ್ದಷ್ಟೂ ಕುದುರೆಗೆ ಹಿತ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಬೇರೆ ಎಲ್ಲ ತಪ್ಪು ತಿಳಿವಳಿಕೆಗಿಂತ ಇದರಿಂದ ಕಾಲುಗಳು ಹೆಚ್ಚು ಹಾಳಾಗಿವೆ. ಆಳವಾದ ಮರಳಿನಲ್ಲಿ ಗೊರಸು ಇಳಿದು, ಮೇಲೆತ್ತುವಾಗ ನೆಲ ಹಿಂದಕ್ಕೆ ಸರಿಯುತ್ತದೆ. ಪ್ರತಿ ಹೆಜ್ಜೆಗೂ ಮುಂಗಾಲಿನ ಹಿಂಭಾಗದ ಟೆಂಡನ್ ಮತ್ತು ಅದರ ಕೆಳಗಿನ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ನಾರು) ಹೆಚ್ಚು ಎಳೆತ ತಾಳಬೇಕು. ಸ್ನಾಯು ಬೇಗ ದಣಿಯುತ್ತದೆ, ದಣಿದ ಮೇಲೆ ಎಳೆತವೆಲ್ಲ ಟೆಂಡನ್ ಮೇಲೆ ಬೀಳುತ್ತದೆ. ಗಟ್ಟಿ ನೆಲದಲ್ಲಿ ಪೆಟ್ಟು ಬೀಳುವ ಜಾಗ ಬೇರೆ, ಅಲ್ಲಿ ಗೊರಸು, ಮೂಳೆ, ಕೀಲುಗಳು ಏಟು ತಿನ್ನುತ್ತವೆ. ನಿಮ್ಮ ಅಂಗಳದಲ್ಲಿ ಎರಡೂ ಇವೆ, ಅದೂ ಒಂದೇ ಸುತ್ತಿನಲ್ಲಿ. ಗಟ್ಟಿ ಜಾಡಿನಲ್ಲಿ ಓಡುತ್ತಿದ್ದ ಕುದುರೆ ನಡುವಿನ ಕಡೆ ತಿರುಗಿದ ಕೂಡಲೇ ನೆಲ ಕುಸಿಯುತ್ತದೆ. ಕಾಲು ಒಂದಕ್ಕೆ ಸಿದ್ಧವಾಗಿರುತ್ತದೆ, ಸಿಗುವುದು ಇನ್ನೊಂದು. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟವಾದ ಎಫ್‌ಇಐ 2014ರಲ್ಲಿ ಅಂಗಳದ ನೆಲದ ಬಗ್ಗೆ ದೊಡ್ಡ ವರದಿ ಹೊರತಂದಿತು. ಅದರಲ್ಲಿ ಗಡಸುತನ, ಮೆತ್ತೆ, ಪುಟಿಯುವ ಗುಣ, ಹಿಡಿತ ಇವುಗಳ ಜೊತೆಗೆ ಎಲ್ಲ ಕಡೆ ಒಂದೇ ರೀತಿ ಇರುವುದನ್ನೂ ನೆಲದ ಮುಖ್ಯ ಗುಣವಾಗಿ ಹೇಳಿದ್ದಾರೆ. ನನ್ನನ್ನು ಕೇಳಿದರೆ ಸಣ್ಣ ಶಾಲೆಗೆ ಈ ಕೊನೆಯದೇ ಮೊದಲನೆಯದು. ಸಾಧಾರಣ ಮರಳಾದರೂ ಸರಿ, ಅಂಗಳದ ತುಂಬ ಒಂದೇ ಥರ ಇರಲಿ.

ಮರಳು ಎಷ್ಟು ಬೇಕು ಅಂದರೆ, ಗಟ್ಟಿ ನೆಲೆಯ ಮೇಲೆ 5 ಸೆಂ.ಮೀ.ಯಿಂದ ಶುರು ಮಾಡಿ. ಸವಾರಿ ಮಾಡಿ ನೋಡಿ, ಬೇಕಾದರೆ ಒಂದೊಂದು ಸೆಂ.ಮೀ. ಏರಿಸಿ. ಶಾಲೆಯ ಕೆಲಸಕ್ಕೆ 7.5 ಸೆಂ.ಮೀ. ದಾಟುವ ಅಗತ್ಯ ಬರುವುದು ಕಡಿಮೆ. ನಿಮ್ಮ 800 ಚದರ ಮೀಟರ್‌ಗೆ 5 ಸೆಂ.ಮೀ. ಅಂದರೆ 40 ಘನ ಮೀಟರ್, ಸುಮಾರು 1,400 ಘನ ಅಡಿ, ತೂಕದಲ್ಲಿ 60–65 ಟನ್. ನೀವು ಈಗ ಹಾಕಿರುವುದು ಇದರ ಮೂರು ಪಟ್ಟು. ಅಂದರೆ ಮರಳಿಗೆ ಉಳಿಯುವ ಹಣವನ್ನೇ ನೆಲೆಗೆ ಹಾಕಬಹುದು. ಹಾಕುವುದು ಸುಲಭ, ತೆಗೆಯುವುದು ಕಷ್ಟ, ಇದನ್ನು ಆರ್ಡರ್ ಕೊಡುವಾಗ ನೆನಪಿಡಿ.

ನಿಮಗೆ ಸಿಕ್ಕ ಸಲಹೆಗಳನ್ನು ಈಗ ಒಂದೊಂದಾಗಿ ನೋಡೋಣ. ಹೊಳೆ ಮರಳು ಕಟ್ಟಡಕ್ಕೆ ಚಿನ್ನ, ಸರಿ. ಆದರೆ ನೀರಿನಲ್ಲಿ ಉರುಳಿ ಉರುಳಿ ಅದರ ಕಣದ ಅಂಚು ಸವೆದು ದುಂಡಗಾಗಿರುತ್ತದೆ. ಅದರ ಮೇಲೆ ಕ್ಯಾಂಟರ್‌ನಲ್ಲಿ ತಿರುಗಿದರೆ ಸಾಸಿವೆ ಚೆಲ್ಲಿದ ನೆಲದ ಮೇಲೆ ಕಾಲಿಟ್ಟ ಹಾಗೆ, ಕಣಗಳು ಒಂದರ ಮೇಲೊಂದು ಉರುಳುತ್ತವೆ, ಹಿಡಿತ ಸಿಗುವುದಿಲ್ಲ. ಅದರ ಮೇಲೆ, ಪರವಾನಗಿ ಇಲ್ಲದೆ ರಾತ್ರಿ ಬರುವ ಲೋಡ್ ತೆಗೆದುಕೊಂಡರೆ ಕಾನೂನಿನ ತೊಂದರೆ ಬೇರೆ, ಹೊಳೆಗೆ ಆಗುವ ಹಾನಿಯಂತೂ ಇದ್ದೇ ಇದೆ. ಸಮುದ್ರದ ಮರಳು ಇನ್ನೂ ಬೇಡ. ತುಂಬಾ ನಯ, ಉಪ್ಪು ಇರುತ್ತದೆ, ಚಿಪ್ಪಿನ ಚೂರು ಇರುತ್ತದೆ, ಕರಾವಳಿ ನಿಯಂತ್ರಣ ವಲಯದಲ್ಲಿ ಮರಳು ತೆಗೆಯುವುದಕ್ಕೆ ನಿಷೇಧವೂ ಇದೆ.

ಉಪ್ಪು ಎರಚುವ ಸಲಹೆಯಲ್ಲಿ ಅರ್ಧ ಸತ್ಯ ಇದೆ. ಹೊರದೇಶಗಳಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಬಳಸುತ್ತಾರೆ, ಅದು ಗಾಳಿಯ ತೇವ ಹೀರಿ ಮರಳನ್ನು ಒದ್ದೆಯಾಗಿಡುತ್ತದೆ. ಮುಚ್ಚಿದ ಅಂಗಳದಲ್ಲಿ ಅದು ಕೆಲಸ ಮಾಡುತ್ತದೆ. ನಿಮ್ಮದು ಬಯಲು. ಧೂಳು ಜಾಸ್ತಿ ಇರುವ ಫೆಬ್ರವರಿ, ಮಾರ್ಚ್‌ನಲ್ಲಿ ನಿಮ್ಮ ಕಡೆ ಗಾಳಿಯಲ್ಲೇ ತೇವ ಕಡಿಮೆ, ಹೀರುವುದಕ್ಕೆ ಏನಿದೆ? ಮಳೆಗಾಲದಲ್ಲಿ ಅದು ಕೊಚ್ಚಿಹೋಗಿ ಮಣ್ಣು, ಗಿಡ, ಬಾವಿ ಸೇರುತ್ತದೆ. ಗೊರಸು ಒಣಗಿಸುತ್ತದೆ, ಲಾಳಕ್ಕೆ, ಟ್ರ್ಯಾಕ್ಟರ್‌ಗೆ ತುಕ್ಕು ಹಿಡಿಸುತ್ತದೆ. ಅಡುಗೆ ಉಪ್ಪಂತೂ ಬೇಡವೇ ಬೇಡ, ಕುದುರೆಗಳು ಅದಕ್ಕಾಗಿ ಮರಳು ನೆಕ್ಕಲು ಶುರು ಮಾಡುತ್ತವೆ. ಮರಳು ಹೊಟ್ಟೆ ಸೇರಿದರೆ ಶೂಲೆ ಬರುತ್ತದೆ. ಅಂಗಳದಲ್ಲಿ ಹುಲ್ಲು ಹಾಕಿ ಮೇಯಿಸುವ ಅಭ್ಯಾಸ ಇದ್ದರೆ ಅದನ್ನೂ ಇದೇ ಕಾರಣಕ್ಕೆ ನಿಲ್ಲಿಸಿ.

ಹಳೇ ಇಂಜಿನ್ ಆಯಿಲ್ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ, ಯಾರು ಹೇಳಿದರೂ ಒಂದು ಹನಿ ಹಾಕಬೇಡಿ. ಅಮೆರಿಕದ ಮಿಸೌರಿ ರಾಜ್ಯದಲ್ಲಿ 1971ರಲ್ಲಿ ಹೀಗೆಯೇ ಧೂಳು ಅಡಗಿಸಲು ಒಬ್ಬ ಗುತ್ತಿಗೆದಾರ ಕುದುರೆ ಅಂಗಳಗಳಿಗೆ ತ್ಯಾಜ್ಯ ಎಣ್ಣೆ ಸಿಂಪಡಿಸಿದ. ಅದರಲ್ಲಿ ಒಂದು ರಾಸಾಯನಿಕ ಕಾರ್ಖಾನೆಯ ಕಸ ಬೆರೆತಿತ್ತು, ಆ ಕಸದಲ್ಲಿ ಡಯಾಕ್ಸಿನ್ ಎಂಬ ಕಡು ವಿಷ ಇತ್ತು. ಮಾಸ್ಕೋ ಮಿಲ್ಸ್ ಎಂಬ ಊರಿನ ಶೆನಾಂಡೋವಾ ಲಾಯದಲ್ಲಿ ಮೊದಲು ಹಕ್ಕಿಗಳು ಸತ್ತು ಬಿದ್ದವು, ಆಮೇಲೆ ಒಂದಾದ ಮೇಲೊಂದು ಕುದುರೆ ಸತ್ತವು, ಅಲ್ಲಿ ಆಡುತ್ತಿದ್ದ ಮಕ್ಕಳಿಗೂ ಕಾಯಿಲೆ ಬಂತು. ಅದೇ ವ್ಯಕ್ತಿ ಎಣ್ಣೆ ಹಾಕಿದ್ದ ಟೈಮ್ಸ್ ಬೀಚ್ ಎಂಬ ಇಡೀ ಊರನ್ನು 1980ರ ದಶಕದಲ್ಲಿ ಖಾಲಿ ಮಾಡಿಸಬೇಕಾಯಿತು. ನಿಮಗೆ ಗ್ಯಾರೇಜಿನಿಂದ ಬರುವ ಡಬ್ಬದಲ್ಲಿ ಡಯಾಕ್ಸಿನ್ ಇಲ್ಲದಿರಬಹುದು. ಆದರೆ ಭಾರ ಲೋಹಗಳು, ಕ್ಯಾನ್ಸರ್ ತರುವ ಎಣ್ಣೆಯ ಅಂಶಗಳು ಇರುತ್ತವೆ, ಮತ್ತು ಆ ಡಬ್ಬಕ್ಕೆ ಇನ್ನೇನು ಸುರಿದಿದ್ದಾರೋ ಗ್ಯಾರೇಜಿನವರಿಗೂ ಗೊತ್ತಿರುವುದಿಲ್ಲ.

ಫೈಬರ್ ಮಿಶ್ರಣ ಕೆಟ್ಟದ್ದಲ್ಲ. ನಯವಾದ ಸಿಲಿಕಾ ಮರಳಿಗೆ ಬಟ್ಟೆಯ ನಾರು ಸೇರಿಸಿದರೆ ಹಿಡಿತ ಚೆನ್ನಾಗಿ ಬರುತ್ತದೆ, ದೊಡ್ಡ ಜಿಗಿತದ ಸ್ಪರ್ಧೆಗಳಿಗೆ ಅದೇ ಬೇಕು. ಆದರೆ ಅದು ಸದಾ ಒದ್ದೆ ಇರಬೇಕು, ಅದಕ್ಕೇ ಮಾಡಿದ ಕುಂಟೆ ಬೇಕು, ಕೆಳಗಿನ ನೆಲೆ ಇನ್ನೂ ಚೆನ್ನಾಗಿರಬೇಕು. ಒಮ್ಮೆ ಬೆರೆಸಿದರೆ ಮರಳಿನಿಂದ ಬಿಡಿಸಲು ಆಗುವುದಿಲ್ಲ, ಹತ್ತಾರು ವರ್ಷದ ಮೇಲೆ ಆ ಪ್ಲಾಸ್ಟಿಕ್ ನಾರಿನ ಮರಳನ್ನು ಎಲ್ಲಿ ಹಾಕುತ್ತೀರಿ? ಮಕ್ಕಳಿಗೆ ಸವಾರಿ ಕಲಿಸುವ ಶಾಲೆಗೆ ಈ ಖರ್ಚು ಬೇಡ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಏನು ಮಾಡಬೇಕು? ನಿಮ್ಮ ಮುಂದೆ ಎರಡು ದಾರಿ ಇವೆ.

ಹಣ ಕೂಡಿಬರುವವರೆಗಿನ ದಾರಿ ಹೀಗೆ. ಇರುವ ಮರಳನ್ನು ಕೆರೆದು 5–7 ಸೆಂ.ಮೀ.ಗೆ ಇಳಿಸಿ. ಕುದುರೆ ಓಡಿದಂತೆಲ್ಲ ಮರಳು ಹೊರಕ್ಕೆ ಸಿಡಿದು ಬೇಲಿ ಬುಡದಲ್ಲಿ ದಿಬ್ಬ ಕಟ್ಟಿರುತ್ತದೆ, ನಿಮ್ಮ ಮೂಲೆಗಳಲ್ಲಿ ನೀರು ನಿಲ್ಲುವುದಕ್ಕೆ ಆ ದಿಬ್ಬವೂ ಕಾರಣ. ಅದನ್ನು ಸಲಿಕೆಯಲ್ಲಿ ಒಳಗೆ ಎಳೆಯಿರಿ. ಅಂಗಳದ ಹೊರಗೆ ಸುತ್ತ ಒಂದು ಕಾಲುವೆ ತೋಡಿ, ಮೇಲಿನ ಜಮೀನಿನ ನೀರು ಒಳಗೆ ಬರದಂತೆ ಮಾಡಿ. ಇದರಿಂದ ಕುದುರೆಗಳ ಕಾಲಿಗೆ ಕೂಡಲೇ ಸ್ವಲ್ಪ ಆರಾಮ ಸಿಗುತ್ತದೆ. ಆದರೆ ಬೆರೆತ ಜೇಡಿ ಎಲ್ಲಿಗೂ ಹೋಗುವುದಿಲ್ಲ, ಧೂಳು ಮುಂದುವರಿಯುತ್ತದೆ, ಜೋರು ಮಳೆಯಲ್ಲಿ ಅಂಗಳ ಜಾರುತ್ತದೆ, ಆ ದಿನಗಳಲ್ಲಿ ಸವಾರಿ ನಿಲ್ಲಿಸಲೇಬೇಕು. ಇದು ಒಂದು ವರ್ಷ ದೂಡುವ ಉಪಾಯ ಅಷ್ಟೇ.

ಇನ್ನೊಂದು, ಪೂರ್ತಿ ಹೊಸದಾಗಿ ಕಟ್ಟುವುದು. ಒಂದೇ ಸಲ ಖರ್ಚು ಮಾಡುವುದಾದರೆ ಇದಕ್ಕೇ ಮಾಡಿ. ಇರುವ ಮರಳನ್ನೆಲ್ಲ ಎತ್ತಿ ದಾರಿಗೋ, ಪಾಗಾರದ ಬಾಗಿಲಿಗೋ ಹಾಕಿಕೊಳ್ಳಿ. ಕೆಂಪು ಮಣ್ಣಿಗೆ ಮೊದಲು ಇಳಿಜಾರು ಕೊಡಿ. ಉದ್ದಕ್ಕೂ ನಡು ಎತ್ತರವಿಟ್ಟು ಎರಡೂ ಬದಿಗೆ ಶೇ 1.5ರಷ್ಟು ಇಳಿಸಿದರೆ, ನಿಮ್ಮ ಅಗಲಕ್ಕೆ ನಡುವಿಗೂ ಅಂಚಿಗೂ 15 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಕಣ್ಣಳತೆ ಸಾಲದು, ಲೆವೆಲ್ ಹಿಡಿಸಿ. ನೀರು ಚಿಮುಕಿಸಿ ವೈಬ್ರೇಟರ್ ರೋಲರ್ ಹೊಡೆಸಿ. ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಈ ಬಟ್ಟೆಯ ಜಾಗ ಮಣ್ಣು ಮತ್ತು ಜಲ್ಲಿಯ ನಡುವೆ, ಮಣ್ಣು ಮೇಲೇಳದಂತೆ ತಡೆಯುವುದು ಅದರ ಕೆಲಸ. ಮರಳಿನ ಕೆಳಗೇ ಹಾಸಿದರೆ ಒಂದು ದಿನ ಕುಂಟೆ ಹಲ್ಲಿಗೋ ಗೊರಸಿಗೋ ಸಿಕ್ಕಿಕೊಳ್ಳುತ್ತದೆ, ಅದು ಅಪಾಯ. ಬಟ್ಟೆಯ ಮೇಲೆ ರಸ್ತೆಗೆ ಹಾಕುವ ವೆಟ್ ಮಿಕ್ಸ್ ಜಲ್ಲಿ (ದಪ್ಪ, ಸಣ್ಣ ಜಲ್ಲಿ ಮತ್ತು ಪುಡಿಗೆ ನೀರು ಬೆರೆಸಿದ್ದು) 15 ಸೆಂ.ಮೀ., ಎರಡು ಪದರವಾಗಿ, ಪ್ರತಿ ಪದರಕ್ಕೂ ರೋಲರ್. ಮೇಲೆ ಕ್ರಷರ್ ಡಸ್ಟ್ ತೆಳ್ಳಗೆ ಹರಡಿ, ನೀರು ಹಾಕಿ ಮತ್ತೆ ರೋಲರ್. ಈಗ ನೀವು ಲಾಳ ಹಾಕಿದ ಕುದುರೆಯನ್ನು ನಡೆಸಿದರೂ ಗುರುತು ಬೀಳಬಾರದು. ಮರಳು ತರುವುದು ಆಮೇಲೆ. ಆಗುವುದಾದರೆ ಒಂದೆರಡು ಒಳ್ಳೆಯ ಮಳೆ ನೆಲೆಯ ಮೇಲೇ ಬೀಳಲಿ, ನೀರು ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಿಗೇ ಕಾಣುತ್ತದೆ, ಅಲ್ಲಿ ಸರಿಪಡಿಸಿ. ಜನವರಿಯಲ್ಲಿ ಮಣ್ಣಿನ ಕೆಲಸ ಶುರು ಮಾಡಿದರೆ ಏಪ್ರಿಲ್, ಮೇ ತಿಂಗಳ ಮಳೆಯಲ್ಲಿ ಈ ಪರೀಕ್ಷೆ ತಾನಾಗಿ ಆಗುತ್ತದೆ.

ಇದರ ಅಪಾಯ ಇರುವುದು ಗುತ್ತಿಗೆದಾರರಲ್ಲಿ. ರಸ್ತೆ ಕೆಲಸ ಗೊತ್ತಿರುವವರು ಸಿಗುತ್ತಾರೆ, ಆದರೆ 'ಮೇಡಂ, ಮೇಲೆ ಮರಳು ಬರುತ್ತಲ್ಲ, ಮುಚ್ಚಿಹೋಗುತ್ತೆ' ಎಂದು ಏರುತಗ್ಗು ಬಿಟ್ಟುಹೋಗುತ್ತಾರೆ. ಮುಚ್ಚಿಹೋಗುವುದಿಲ್ಲ. ನೆಲೆಯಲ್ಲಿ 3 ಸೆಂ.ಮೀ. ತಗ್ಗಿದ್ದರೆ ಮೇಲೆ ಮರಳು ಅಷ್ಟು ಆಳವಾಗುತ್ತದೆ, ನೀರೂ ಅಲ್ಲೇ ಸೇರುತ್ತದೆ. ರೋಲರ್ ಹೊಡೆಯುವ ದಿನ ನೀವೋ ನಿಮ್ಮ ತಂಗಿಯೋ ಅಲ್ಲೇ ಇರಿ.

ಮರಳು ಆರಿಸುವಾಗ ನಿಮಗೆ ಬೇಕಾದದ್ದು ತೊಳೆದ ಎಂ-ಸ್ಯಾಂಡ್ ಅಥವಾ ತೊಳೆದ ಪಿ-ಸ್ಯಾಂಡ್. ಕಾಂಕ್ರೀಟ್ ಎಂ-ಸ್ಯಾಂಡ್‌ನಲ್ಲಿ 4.75 ಮಿ.ಮೀ. ದಾಟಿದ ಚೂರುಗಳೂ ಸ್ವಲ್ಪ ಇರುತ್ತವೆ, ಅವು ಗೊರಸಿನ ಅಡಿ ಒತ್ತುತ್ತವೆ. ಗಾರೆಗೆ ಬಳಸುವ ಪಿ-ಸ್ಯಾಂಡ್ 2.36 ಮಿ.ಮೀ. ಒಳಗಿರುತ್ತದೆ, ಗಾತ್ರ ನಮಗೆ ಹೊಂದುತ್ತದೆ, ಆದರೆ ಚೆನ್ನಾಗಿ ತೊಳೆಯದಿದ್ದರೆ ಹಿಟ್ಟು ವಿಪರೀತ. ಕಣಗಳಲ್ಲಿ ಹೆಚ್ಚಿನವು ಕಾಲು ಮಿ.ಮೀ.ಯಿಂದ 2 ಮಿ.ಮೀ. ನಡುವೆ ಇರಲಿ. ನೀರು ಸೋಸಲು ಮಾರುವ ಸಿಲಿಕಾ ಮರಳನ್ನು ಕೆಲವರು ತೋರಿಸುತ್ತಾರೆ, ಅದು ಶುದ್ಧವಾಗಿಯೇ ಇರುತ್ತದೆ, ಆದರೆ ಎಲ್ಲ ಕಣವೂ ಒಂದೇ ಗಾತ್ರ, ಹಾಗಾಗಿ ಒಂದಕ್ಕೊಂದು ಕೂತುಕೊಳ್ಳದೆ ಸಡಿಲವಾಗಿಯೇ ಉಳಿಯುತ್ತದೆ. ಫೌಂಡ್ರಿಯಲ್ಲಿ ಬಳಸಿ ಬಿಟ್ಟ ಮರಳು ಅಗ್ಗಕ್ಕೆ ಸಿಕ್ಕರೂ ತರಬೇಡಿ, ಅದರಲ್ಲಿ ಅಂಟಿನ ರಾಸಾಯನಿಕ ಉಳಿದಿರುತ್ತದೆ.

ಕ್ರಷರ್‌ಗೆ ಹೋದಾಗ ರಾಶಿಯ ಮೇಲಿಂದಲ್ಲ, ಒಳಗಿಂದ ಮೂರು ಕಡೆ ಮರಳು ತೆಗೆಯಿರಿ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮರಳು, ಉಳಿದದ್ದು ನೀರು, ಚೆನ್ನಾಗಿ ಕುಲುಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮರಳಿನ ಮೇಲೆ ನುಣ್ಣಗಿನ ಪದರ ಕೂತಿರುತ್ತದೆ. ಆ ಪದರ ದಪ್ಪವಾಗಿ ಕಂಡರೆ ಮಾತು ಮುಂದುವರಿಸುವುದೇ ಬೇಡ. ತೆಳ್ಳಗಿದ್ದರೆ ಅದೇ ಮಾದರಿಯನ್ನು ಕಟ್ಟಡ ಸಾಮಗ್ರಿ ಪರೀಕ್ಷಿಸುವ ಲ್ಯಾಬ್‌ಗೆ ಕೊಟ್ಟು ಜರಡಿ ಪರೀಕ್ಷೆ ಮಾಡಿಸಿ, 75 ಮೈಕ್ರಾನ್ ಅಂಕಿ ಬೇಕೆಂದು ಬಾಯಿಬಿಟ್ಟು ಕೇಳಿ. ಅರವತ್ತು ಟನ್ ಮರಳಿನ ಮುಂದೆ ಆ ಪರೀಕ್ಷೆಯ ಖರ್ಚು ಏನೂ ಅಲ್ಲ. ಲೋಡ್ ಬಂದಾಗ ಪ್ರತಿ ಟಿಪ್ಪರ್‌ನಿಂದಲೂ ಒಂದು ಬಾಟಲಿ ಕುಲುಕಿ, ಏಕೆಂದರೆ ಮಾದರಿ ಒಂದು, ಮಾಲು ಇನ್ನೊಂದು ಬರುವುದುಂಟು.

ಕಟ್ಟಿದ ಮೇಲೆ ನೋಡಿಕೊಳ್ಳುವುದು. ಇಲ್ಲಿ ನೀರೇ ಮುಖ್ಯ. 800 ಚದರ ಮೀಟರ್‌ಗೆ 1 ಮಿ.ಮೀ. ನೀರು ಅಂದರೆ 800 ಲೀಟರ್. ಬಿರುಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಬೇಕಾದರೆ 4,000 ಲೀಟರ್, ಒಂದು ಸಣ್ಣ ಟ್ಯಾಂಕರ್. ನಿಮ್ಮ ಕಡೆ ಕೊಳವೆಬಾವಿಗಳ ಸ್ಥಿತಿ ನೋಡಿದರೆ ಇದು ಸಣ್ಣ ಮಾತಲ್ಲ, ಆದ್ದರಿಂದ ಲಾಯದ ಚಾವಣಿಯ ಮಳೆ ನೀರು ಹಿಡಿಯುವ ತೊಟ್ಟಿಯನ್ನೂ ಇದೇ ಖರ್ಚಿನಲ್ಲಿ ಸೇರಿಸಿ. ಸಂಜೆ ಅಥವಾ ರಾತ್ರಿ ನೀರು ಹಾಕಿ, ಬಿಸಿಲಿಗೆ ಹಾರುವುದಿಲ್ಲ, ಬೆಳಗಿನ ತರಗತಿಗೆ ಒಳಗಿನವರೆಗೆ ತೇವ ಇಳಿದಿರುತ್ತದೆ. ಒಂದು ಹಿಡಿ ಮರಳು ಮುಷ್ಟಿಯಲ್ಲಿ ಹಿಸುಕಿ, ಉಂಡೆ ನಿಂತು, ಬೆರಳು ತಾಗಿಸಿದರೆ ಒಡೆಯಬೇಕು. ಅಷ್ಟು ತೇವ ಸಾಕು.

ಕಲ್ಟಿವೇಟರ್ ಅಂಗಳದೊಳಗೆ ಇನ್ನು ಬರಕೂಡದು. ಅದು ಹೊಲಕ್ಕೆ. ನಿಮಗೆ ಬೇಕಾದದ್ದು 2–3 ಸೆಂ.ಮೀ. ಮಾತ್ರ ಕೆದಕುವ ಹಗುರ ಕುಂಟೆ, ಸ್ಥಳೀಯ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು, ಹಲ್ಲಿನ ಆಳ ಏರಿಸಿ ಇಳಿಸುವ ಹಾಗಿರಲಿ. ಒಂದು ದಿನ ಉದ್ದಕ್ಕೆ ಎಳೆದರೆ ಮರುದಿನ ಅಡ್ಡಕ್ಕೆ, ಇನ್ನೊಂದು ದಿನ ಸುತ್ತಾಗಿ. ಎಳೆಯುವ ಮೊದಲು ಅಂಚಿನ ಮರಳನ್ನು ಒಳಗೆ ತನ್ನಿ. ವಾರಕ್ಕೊಮ್ಮೆ ಗುರುತು ಹಾಕಿದ ಕಬ್ಬಿಣದ ಸರಳು ಹಿಡಿದು ನಾಲ್ಕು ಮೂಲೆ, ಜಾಡು, ನಡು, ಲಂಜ್ ಮಾಡುವ (ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತ ಓಡಿಸುವ) ಜಾಗ, ಜಿಗಿತದ ಕಂಬಗಳ ಮುಂದೆ ಮತ್ತು ಹಿಂದೆ ಚುಚ್ಚಿ ಆಳ ನೋಡಿ ಬರೆದಿಡಿ. ಎಲ್ಲಾದರೂ ನೆಲೆ ತಾಗುವಷ್ಟು ತೆಳ್ಳಗಾಗಿದ್ದರೆ ಅವತ್ತೇ ಮರಳು ಸರಿಸಿ. ಲಂಜ್ ಒಂದೇ ಜಾಗದಲ್ಲಿ ಮಾಡಿಸಬೇಡಿ, ಅಲ್ಲಿ ಗುಂಡಿ ಬೀಳುವುದು ಖಂಡಿತ.

ಲದ್ದಿ ಬಿದ್ದ ಕೂಡಲೇ ಎತ್ತಬೇಕು, ಆಮೇಲೆ ಅನ್ನಬಾರದು. ಕುದುರೆ ಅದನ್ನು ತುಳಿದರೆ ಮರಳಿಗೆ ಸೇರಿ, ಒಣಗಿ, ಮತ್ತೆ ಅದೇ ಧೂಳಾಗುತ್ತದೆ. ಹೊಂಗೆಯೋ ನೀಲಗಿರಿಯೋ ಅಂಗಳದ ಮೇಲೆ ಬಾಗಿದ್ದರೆ ಎಲೆ ಗುಡಿಸಿ. ಲಾಯದಿಂದ ಬರುವಾಗ ಗೊರಸಿಗೆ ಅಂಟಿದ ಮಣ್ಣನ್ನು ಬಾಗಿಲಲ್ಲೇ ಕೆರೆದು ಒಳಗೆ ಬಿಡಿ. ಇಷ್ಟು ಮಾಡಿದರೂ ಗೊರಸಿನ ಕೆಳಗೆ ಮರಳು ಸವೆದು ಹಿಟ್ಟಾಗುತ್ತಲೇ ಇರುತ್ತದೆ, ಕೆಲವು ವರ್ಷಕ್ಕೊಮ್ಮೆ ಸ್ವಲ್ಪ ಹೊಸ ಮರಳು ಸೇರಿಸಬೇಕಾಗುತ್ತದೆ, ಅದಕ್ಕೆ ಈಗಲೇ ಕ್ರಷರ್ ಹೆಸರು ಮತ್ತು ಲ್ಯಾಬ್ ವರದಿ ಜೋಪಾನವಾಗಿಡಿ.

ಇದನ್ನು ಓದುವ ಬೇರೆ ಊರಿನವರಿಗೆ ಒಂದು ಮಾತು. ಧಾರವಾಡ, ವಿಜಯಪುರದ ಕಡೆಯ ಎರೆ ಮಣ್ಣಿಗೆ ಈ ಲೆಕ್ಕ ಸಾಲದು. ಎರೆ ಮಣ್ಣು ನೆಂದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಅದರ ಮೇಲೆ ಜಲ್ಲಿ ಹಾಕಿದರೂ ನೆಲೆ ಏರುಪೇರಾಗುತ್ತದೆ. ಅಲ್ಲಿ ಆ ಮಣ್ಣನ್ನು ಕೆಳಗಿನವರೆಗೆ ತೆಗೆದು ಗರಸು ತುಂಬಬೇಕು. ಕರಾವಳಿಯ ಮಳೆಗೆ ಚಾವಣಿ ಇಲ್ಲದೆ ವರ್ಷವಿಡೀ ಸವಾರಿ ಕಷ್ಟ.

ನಿಮ್ಮ ವಿಷಯಕ್ಕೆ ಬಂದರೆ, ಈ ವಾರ ಮಾಡಬೇಕಾದದ್ದು ಮೂರು: ಕುದುರೆಗೆ ಸ್ಕ್ಯಾನ್, ಕೆದಕುವ ಮೊದಲು ನೀರು, ಅಂಚಿನ ದಿಬ್ಬ ಒಳಕ್ಕೆ. ಮುಂದಿನ ಜೋರು ಮಳೆಯಲ್ಲಿ ಕೊಡೆ ಹಿಡಿದು ಅಂಗಳದ ಪಕ್ಕ ನಿಂತು ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಫೋನಿನಲ್ಲಿ ವೀಡಿಯೊ ಮಾಡಿಟ್ಟುಕೊಳ್ಳಿ. ಗುತ್ತಿಗೆದಾರರು ಇಳಿಜಾರು ಯಾವ ಕಡೆಗೆ ಎಂದು ಕೇಳಿದಾಗ ಅದನ್ನೇ ತೋರಿಸಿ.